ಎರಡನೆಯ ಗೆರೆ

ಒಡೆದ ಕನ್ನಡಿಯೊಳಗೆ ಯಜಮಾನನ ಬಾಯಿ ಎರಡು ತುಂಡಾಗಿ ಕಾಣುತ್ತಿದೆ, ಮೇಲಿನ ತುಂಡಿನಲ್ಲಿ ಮೀಸೆ, ಕೆಳಗಿನ ತುಂಡಿನಲ್ಲಿ ಗದ್ದ, ನಡುವೆ ಹಾವು ಹರಿದ ಹಾಗೆ ಬಿರುಕು, ಆ ಎರಡು ತುಂಡೂ ತಮ್ಮ ತಮ್ಮ ಪಾಡಿಗೆ ಅಲ್ಲಾಡುತ್ತ ಒಂದೇ ಮಾತನ್ನು ಹೊರಗೆ ಹಾಕುತ್ತಿವೆ — ಇವನಿಗೆ ಮೇಲ್ಗಡೆ ಮಹಡಿ ಖಾಲಿ ಅಂದ್ಕೊಂಡಿದ್ದೆ ಮೇಡಂ, ಖಾಲಿ ಇಲ್ಲ, ಅಲ್ಲಿ ಇನ್ನೊಬ್ಬ ಬಾಡಿಗೆಗಿದಾನೆ, ಇವನು ಒಂದು ಸಲ ಮಾಡಿದ್ದನ್ನ ಅವನು ಇನ್ನೊಂದು ಸಲ ಮಾಡ್ತಾನೆ, ಅದಕ್ಕೇ ನಮ್ಮ ಅಂಗಡೀಲಿ ಇವನನ್ನ ಡಬಲ್ಲು ಅಂತ ಕರೆಯೋದು. ಕನ್ನಡಿ ಕೊಳ್ಳಲು ಬಂದಿದ್ದ ಸಲೂನಿನ ಮೇಡಂ ನಕ್ಕಳು, ನಗಬಾರದು ಎಂದುಕೊಂಡೇ ನಕ್ಕಳು, ಕೈಚೀಲವನ್ನು ಬಾಯಿಗೆ ಅಡ್ಡ ಹಿಡಿದು, ಆ ಅಡ್ಡ ಹಿಡಿದದ್ದೇ ಡಬಲ್ಲು ಅನ್ನಿಸಿಕೊಂಡವನಿಗೆ ಹೆಚ್ಚು ಚುಚ್ಚಿತು; ಗಾಜು ಹೊರುವ ಕಂಬ, ಎತ್ತರಕ್ಕೂ ದಪ್ಪಕ್ಕೂ ಸೇರಿ ಆ ಹೆಸರು ಬಂದವನು, ಏನನ್ನೂ ಅಡ್ಡ ಹಿಡಿಯದೆ ಹೊಟ್ಟೆ ಕುಣಿಸಿ ನಕ್ಕ; ಮೇಸ್ತ್ರಿ ನಗಲಿಲ್ಲ, ಕತ್ತಿನಿಂದ ಜೋಲಿ ಹಾಕಿದ್ದ ತಮ್ಮ ಬಲಗೈಯನ್ನೇ ನೋಡುತ್ತ ನಿಂತರು. ಅವನ ಕೈಯಲ್ಲಿ ಗಾಜು ಕೊಯ್ಯುವ ಕಟರ್ ಹಾಗೇ ಇದೆ, ತುದಿಯ ಪುಟ್ಟ ಚಕ್ರದಿಂದ ಸೀಮೆಎಣ್ಣೆಯ ಒಂದು ಹನಿ ಇಳಿದು ಬೆರಳ ಸಂದಿಯಲ್ಲಿ ಹರಿಯುತ್ತಿದೆ, ಒರೆಸಿಕೊಳ್ಳಬೇಕು, ಒರೆಸಿಕೊಂಡರೆ ಇನ್ನೊಮ್ಮೆ ಒರೆಸಿಕೊಳ್ಳಬೇಕಾಗುತ್ತದೆ, ಎಲ್ಲರೂ ಅದನ್ನೇ ಕಾಯುತ್ತಿದ್ದಾರೆ, ಬೇಡ, ಹರಿಯಲಿ, ಮೊಣಕೈವರೆಗೂ ಹರಿದುಕೊಂಡು ಹೋಗಲಿ.

ಬಾಡಿಗೆಗಿದಾನಂತೆ. ಸುಳ್ಳು ಮಾತಾಗಿದ್ದರೆ ಅವನು ಆಗಲೇ ತಿರುಗಿ ಬೀಳುತ್ತಿದ್ದ, ಕಟರನ್ನು ಮೇಜಿನ ಮೇಲೆ ಕುಕ್ಕಿ ನೀವೇ ಕೊಯ್ಕೊಳ್ಳಿ ಸಾರ್ ಅನ್ನುತ್ತಿದ್ದ, ಆದರೆ ಈ ಮಾತು ನಿಜ, ಹಾಳಾದ್ದು ಅಳತೆ ಹಿಡಿದು ಕೊಯ್ದಷ್ಟು ನಿಜ, ಮನಸ್ಸಿನ ಖಾಯಿಲೆ ನೋಡುವ ಡಾಕ್ಟರಮ್ಮನ ಎದುರು ವಾರಗಟ್ಟಲೆ ಕೂತು ಅವನಿಗೆ ಹೇಳಲು ಬಾರದೆ ನಾಲಿಗೆ ತೊಡರಿದ್ದನ್ನು ಈ ಮನುಷ್ಯ ಹಲ್ಲು ಕಡ್ಡಿ ಆಡಿಸುತ್ತ ಗಿರಾಕಿಯನ್ನು ನಗಿಸಲಿಕ್ಕೆ ಹೇಳಿಬಿಟ್ಟ, ಮೈಯೆಲ್ಲ ಉರಿಯುತ್ತಿರುವುದು ಅದಕ್ಕೆ. ಇದ್ದಾನೆ ಕಣಯ್ಯಾ, ಒಬ್ಬನಿದ್ದಾನೆ, ಅವನೇ ಇನ್ನೊಂದು ಸಲ ಅನ್ನುವವನು. ಬೇಡ ಅನ್ನುವವನು ಇನ್ನೊಬ್ಬ. ಇವರಿಬ್ಬರೂ ಜುಟ್ಟು ಹಿಡಿದು ಕಿತ್ತಾಡುವುದನ್ನು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುವವನು ಮೂರನೆಯವನು, ಎದ್ದು ಬಿಡಿಸುವುದೂ ಇಲ್ಲ, ಎದ್ದು ಹೋಗುವುದೂ ಇಲ್ಲ, ಬರೀ ನೋಡುತ್ತಾನೆ. ಈ ಮೂವರಲ್ಲಿ ನಾನು ಯಾರು ಮೇಡಂ ಎಂದು ಅವನು ಡಾಕ್ಟರಮ್ಮನನ್ನು ಕೇಳಿದ್ದ, ಅವರು ಪೆನ್ನಿನ ಮುಚ್ಚಳ ಹಾಕಿ, ಒಳ್ಳೆ ಪ್ರಶ್ನೆ ಕಣಪ್ಪ, ಇದಕ್ಕೆ ದೊಡ್ಡದೊಡ್ಡವರೇ ಜೀವಮಾನವಿಡೀ ತಲೆ ಕೆಡಿಸ್ಕೊಂಡಿದಾರೆ ಎಂದಿದ್ದರು. ಅವರು ತಲೆ ಕೆಡಿಸಿಕೊಂಡರೆ ಪುಸ್ತಕ, ಇವನು ಕೆಡಿಸಿಕೊಂಡರೆ ಮಾತ್ರೆ. ಅಂದೂ ಹೀಗೇ ಸಿಟ್ಟು ಬಂದಿತ್ತು, ಡಾಕ್ಟರಮ್ಮ ಒಳ್ಳೆಯವರು ಎಂದು ಗೊತ್ತಿದ್ದೂ ಬಂದಿತ್ತು, ಒಳ್ಳೆಯವರ ಮೇಲೆ ಬರುವ ಸಿಟ್ಟನ್ನು ಎಲ್ಲಿ ಹೋಗಿ ಸುರಿಯುವುದು, ಅದು ವಾಪಸ್ಸು ಹೊಟ್ಟೆಗೇ ಇಳಿಯುತ್ತದೆ.

ಆಗಿದ್ದಿಷ್ಟು. ಸಲೂನಿನ ಗೋಡೆಗೆ ಕನ್ನಡಿ, ಆಳೆತ್ತರದ್ದು, ಅಡ್ಡಗಲಕ್ಕೆ ಕೈ ಚಾಚಿದರೆ ತುದಿ ಮುಟ್ಟುವಷ್ಟು, ಕಂಬಳಿ ಹೊದಿಸಿದ ಮೇಜಿನ ಮೇಲೆ ಅಂಗಾತ ಮಲಗಿಸಿ ಅವನು ಪಟ್ಟಿ ಇಟ್ಟು ಗೆರೆ ಎಳೆದಿದ್ದ, ಚಂದದ ಗೆರೆ, ಸರ್ರನೆ ಒಂದೇ ಉಸಿರಿಗೆ, ಮೇಸ್ತ್ರಿ ಕೂಡ ಮ್‌ ಎಂದಿದ್ದರು, ಮೇಸ್ತ್ರಿಯ ಮ್‌ ಅಂದರೆ ಬೇರೆಯವರ ಚಪ್ಪಾಳೆ. ಗೆರೆ ಎಳೆದ ಮೇಲೆ ಗಾಜನ್ನು ಮೇಜಿನ ಅಂಚಿಗೆ ಜಾರಿಸಿ ಇಬ್ಬರು ಹಿಡಿದು ಒತ್ತಬೇಕು, ಟಕ್ ಎಂದು ಗೆರೆಯ ಮೇಲೇ ಬಿಟ್ಟುಕೊಳ್ಳುತ್ತದೆ. ಇಬ್ಬರು ಎಂದರೆ ಅವನು ಮತ್ತು ಕಂಬ. ಕಂಬ ಕೈಗವಸು ಹಾಕಿಕೊಳ್ಳಲು ಹೋದ. ಎಡಗೈದನ್ನು ಬಲಗೈಗೆ ಹಾಕಿಕೊಂಡ, ಥತ್ ಎಂದ, ತೆಗೆದ, ಒಳಗೆ ಊದಿದ, ಮತ್ತೆ ಹಾಕಿಕೊಂಡ, ಅಷ್ಟು ಹೊತ್ತೂ ಗೆರೆ ಗಾಜಿನ ಮೇಲೆ ಸುಮ್ಮನೆ ಮಲಗಿತ್ತು, ಇವನನ್ನೇ ನೋಡುತ್ತಿತ್ತು, ಸರಿಯಾಗಿ ಬಿದ್ದಿದೆಯಾ, ನಡುವೆ ಎಲ್ಲೋ ಚಕ್ರ ಹಾರಲಿಲ್ಲವಾ, ಇನ್ನೊಂದು ಸಲ, ಮೆಲ್ಲಗೆ, ಮೇಲೆ ಮೇಲೆ, ಅಕ್ಕನಿಗೋಸ್ಕರ — ಕೈ ಇಳಿದುಬಿಟ್ಟಿತು. ಗಾಜಿನ ಕೆಲಸದಲ್ಲಿ ಎಲ್ಲವನ್ನೂ ಎರಡು ಸಲ ಮಾಡಬಹುದು, ಎರಡು ಸಲ ಅಳೆಯಬಹುದು, ಎರಡು ಸಲ ಒರೆಸಬಹುದು, ಗೆರೆ ಮಾತ್ರ ಒಂದೇ ಸಲ. ಎಳೆದ ಗೆರೆಯ ಮೇಲೆ ಚಕ್ರ ಮತ್ತೆ ಹತ್ತಿದರೆ ಗಾಜು ಕರಕರ ಎಂದು ಪುಡಿ ಉಗುಳುತ್ತದೆ, ಆಮೇಲೆ ಒತ್ತಿದರೆ ಬಿರುಕು ಗೆರೆಯ ಮಾತು ಕೇಳುವುದಿಲ್ಲ, ತನಗೆ ಬೇಕಾದ ದಾರಿ ಹಿಡಿಯುತ್ತದೆ. ಹಿಡಿಯಿತು.

ಜಗತ್ತಿನಲ್ಲಿ ಇಷ್ಟೊಂದು ಕಸುಬುಗಳಿವೆ, ಬಣ್ಣ ಬಳಿಯುವವನು ಎರಡು ಕೈ ಬಳಿದರೆ ಮೆಚ್ಚುತ್ತಾರೆ, ಬಟ್ಟೆ ಹೊಲಿಯುವವನು ಎರಡು ಹೊಲಿಗೆ ಹಾಕಿದರೆ ಗಟ್ಟಿ ಅನ್ನುತ್ತಾರೆ, ಬಾಗಿಲು ಕಾಯುವವನು ಬೀಗವನ್ನು ಎರಡು ಸಲ ಎಳೆದು ನೋಡಿದರೆ ನಂಬಿಗಸ್ತ ಅನ್ನುತ್ತಾರೆ, ಇವನು ಹುಡುಕಿ ಹುಡುಕಿ ಬಂದು ಬಿದ್ದದ್ದು ಎರಡನೆಯದೇ ಇಲ್ಲದ ಕಸುಬಿಗೆ. ಅಕ್ಕ ಇದನ್ನು ಕೇಳಿ ತಲೆ ಚಚ್ಚಿಕೊಂಡಿದ್ದಳು, ನಿಂಗೆ ಬೇರೆ ಏನೂ ಸಿಗಲಿಲ್ವೇನೋ ಮಾರಾಯ ಎಂದು. ಸಿಗುತ್ತಿತ್ತು. ಆದರೆ ಅವಳಿಗೆ ಗೊತ್ತಿಲ್ಲದ್ದು ಒಂದಿದೆ, ಯಾರಿಗೂ ಗೊತ್ತಿಲ್ಲದ್ದು, ಚಕ್ರ ಗಾಜಿನ ಮೇಲೆ ಓಡುತ್ತಿರುವಷ್ಟು ಹೊತ್ತು ತಲೆಯೊಳಗೆ ಯಾರೂ ಮಾತಾಡುವುದಿಲ್ಲ. ಸರ್ರ್ ಎಂಬ ಸದ್ದು ಒಂದೇ. ಆಗ ಮೂವರಿಲ್ಲ, ಇಬ್ಬರಿಲ್ಲ, ಒಬ್ಬನೂ ಇದ್ದಾನೋ ಇಲ್ಲವೋ, ಕೈ ಇದೆ, ಗಾಜು ಇದೆ, ಸದ್ದು ಇದೆ. ಒಂದು ಬಾಗಿಲಿನ ಅಗಲಕ್ಕೆ ಒಂದು ಉಸಿರಿನಷ್ಟು ನೆಮ್ಮದಿ, ಅಂಗಡಿ ಮುಂಗಟ್ಟಿನ ದೊಡ್ಡ ಗಾಜಾದರೆ ಎರಡು ಉಸಿರು. ಇಡೀ ದಿನದಲ್ಲಿ ಅವನಿಗೆ ಸಿಗುವುದು ಅಷ್ಟೇ, ಅಷ್ಟಕ್ಕೋಸ್ಕರ ಅವನು ಮೊದಲು ಈ ಅಂಗಡಿಯ ಚೂರು ಗುಡಿಸಿದ, ಆಮೇಲೆ ಕಂಬನ ಜೊತೆ ಹೊತ್ತ, ಅಂಗೈಯೆಲ್ಲ ಕೊಯ್ಸಿಕೊಂಡ, ಮೇಸ್ತ್ರಿಯ ಬೆನ್ನು ಬಿದ್ದು ಬಿದ್ದು ಕಟರ್ ಹಿಡಿಯುವುದನ್ನು ಕಲಿತ. ಗೆರೆ ಮುಗಿದ ಕೂಡಲೇ ಗಲಾಟೆ ಶುರು, ಅದು ಬೇರೆ ಮಾತು. ಆ ಗಲಾಟೆಗೆ ಮೇಸ್ತ್ರಿಯೇ ಒಂದು ಉಪಾಯ ಮಾಡಿದ್ದರು, ಏನು ಎತ್ತ ಎಂದು ಕೇಳದೆ — ಇವನು ಚಕ್ರ ಎತ್ತಿದ ಮರುಕ್ಷಣವೇ ಅವರು ಪಕ್ಕದಿಂದ ಗಾಜನ್ನು ಹಿಡಿದು ಟಕ್ ಎನ್ನಿಸಿಬಿಡುತ್ತಿದ್ದರು, ಗೆರೆಯೇ ಇಲ್ಲದ ಮೇಲೆ ಯಾವುದರ ಮೇಲೆ ಇನ್ನೊಂದು ಎಳೆಯುತ್ತಾನೆ. ಹಾಗೇ ನಡೆದಿತ್ತು. ಹೋದ ವಾರ ಮೇಸ್ತ್ರಿ ಸ್ಕೂಟರಿನಿಂದ ಬಿದ್ದು ಭುಜ ಉಳುಕಿಸಿಕೊಂಡರು, ಅಲ್ಲಿಗೆ ಉಪಾಯವೂ ಜೋಲಿಯಲ್ಲಿ ತೂಗುಬಿತ್ತು.

ಇನ್ನೊಂದಿದೆಯಲ್ಲ, ಅದನ್ನ ಕೊಯ್ಸಿ, ನಾಳೆ ಬೆಳಿಗ್ಗೆ ನಾನು ಅಂಗಡಿ ತೆರೀಬೇಕು ಎನ್ನುತ್ತಿದ್ದಾಳೆ ಮೇಡಂ. ಇದೇ ಅಳತೇದು ಇರೋದು ಅದೊಂದೇ ಮೇಡಂ ಎಂದ ಯಜಮಾನ. ನಾಳೆ ನನ್ನ ತಮ್ಮನ್ನ ಕರೆಸ್ತೀನಿ ಸಾರ್, ಅವನ ಕೈ ಪಳಗಿದೆ ಎಂದರು ಮೇಸ್ತ್ರಿ, ಅದನ್ನೂ ಜೋಲಿಗೇ ಹೇಳಿದರು. ನಾಳೆ ನಿಮ್ಮ ತಾತನ್ನೂ ಕರೆಸಿ ಮೇಸ್ತ್ರಿ, ಇವತ್ತು ಯಾರು ಕೊಯ್ತಾರೆ, ನೀವೇನು ಹಲ್ಲಲ್ಲಿ ಕೊಯ್ತೀರಾ ಎಂದ ಯಜಮಾನ. ಕಂಬ ಮತ್ತೆ ನಕ್ಕ, ಅವನಿಗೆ ಯಾರು ಯಾರಿಗೆ ಉಗಿದರೂ ಖುಷಿ. ಯಜಮಾನ ತಾನೇ ಕೊಯ್ಯಬಹುದಿತ್ತಲ್ಲ, ಅವನಿಗೆ ಗಾಜು ಮಾರಲು ಬರುತ್ತದೆ, ಕೊಯ್ಯಲು ಬರುವುದಿಲ್ಲ, ಒಮ್ಮೆ ಕಟರ್ ಹಿಡಿದು ಫೋಟೋ ತೆಗೆಸಿಕೊಂಡಿದ್ದ, ಅದೂ ತಲೆಕೆಳಗಾಗಿ ಹಿಡಿದು. ಕೇಳಿಸ್ಕೊ ಡಬಲ್ಲು ಎಂದ ಈಗ, ಬೆರಳನ್ನು ಅವನ ಮೂಗಿನವರೆಗೆ ತಂದು — ಇವನೇ ಕೊಯ್ಲಿ ಮೇಡಂ, ನಾನು ಕಣ್ಣ ಮುಂದೆ ನಿಂತು ಕೊಯ್ಸ್ತೀನಿ, ಕೇಳಿಸ್ಕೊ, ಇದೂ ಹೋಯ್ತೋ, ನಾಳೆಯಿಂದ ನೀನು ಕಟರ್ ಮುಟ್ಟೋ ಹಾಗಿಲ್ಲ, ಕಂಬನ ಹಿಂದೆ ಗಾಜು ಹೊರು, ಇಲ್ಲಾಂದ್ರೆ ಮನೇಲಿ ಕೂತು ನಿನ್ನ ಬಾಡಿಗೆದಾರನ ಜೊತೆ ಇಸ್ಪೀಟು ಆಡು. ಮನಸ್ಸು ಗಟ್ಟಿ ಮಾಡ್ಕೊಂಡು ನಿಂತ್ರೆ ಎಲ್ಲಾ ಬರುತ್ತೆ ಕಣೋ. ಹೂಂ. ಬಂತು ನೋಡಿ, ಮನಸ್ಸು ಗಟ್ಟಿ ಮಾಡ್ಕೋ. ಮಾವ ಹೇಳಿದ್ದೂ ಅದೇ, ಪಕ್ಕದ ಮನೆಯ ಮುದುಕ ಹೇಳಿದ್ದೂ ಅದೇ, ಬಸ್ಸಿನಲ್ಲಿ ಗುರುತಿಲ್ಲದವನೊಬ್ಬ ಇವನು ಸೀಟನ್ನು ಮತ್ತೆ ಮತ್ತೆ ಮುಟ್ಟುವುದನ್ನು ನೋಡಿ ಹೇಳಿದ್ದೂ ಅದೇ. ಯಾವುದರಿಂದ ಗಟ್ಟಿ ಮಾಡುವುದು, ಮನಸ್ಸಿನಿಂದಲೇ ತಾನೆ, ಆ ಮನಸ್ಸೇ ಕೈ ಕೊಟ್ಟಿರುವಾಗ? ಕಾಲು ಮುರಿದವನಿಗೆ ಎದ್ದು ಓಡು, ಓಡಿದರೆ ಕಾಲು ಗಟ್ಟಿಯಾಗುತ್ತೆ ಎಂದು ಯಾರೂ ಹೇಳುವುದಿಲ್ಲ, ಮೇಸ್ತ್ರಿಯ ಭುಜಕ್ಕೆ ಭುಜ ಗಟ್ಟಿ ಮಾಡ್ಕೊಳ್ಳಿ ಎಂದು ಯಜಮಾನ ಹೇಳಲಿಲ್ಲ, ಕೂತ್ಕೊಳ್ಳಿ ಮೇಸ್ತ್ರಿ ಎಂದು ಕುರ್ಚಿ ಎಳೆದ.

ಕಂಬ ಒಳಗಿನಿಂದ ಎರಡನೆಯ ಕನ್ನಡಿಯನ್ನು ತರುತ್ತಿದ್ದಾನೆ, ದೊಡ್ಡ ಆಕಾಶವೊಂದು ಓರೆಯಾಗಿ ನಡೆದು ಬಂದ ಹಾಗೆ ಅದರಲ್ಲಿ ಟ್ಯೂಬ್‌ಲೈಟು, ಫ್ಯಾನು, ಮಾಡಿನ ತಗಡು ಎಲ್ಲ ಜಾರುತ್ತ ಬರುತ್ತಿವೆ. ಹಿಡ್ಕೊಳೋ ಡಬಲ್ಲು ಎಂದ, ಇವನು ಹಿಡಿದ, ಇಬ್ಬರೂ ಮಲಗಿಸಿದರು. ಈಗ ಒರೆಸಬೇಕು. ಬಟ್ಟೆ ತಗೊಂಡು ಒರೆಸಿದ, ಇನ್ನೊಮ್ಮೆ ಒರೆಸಿದ, ಇದಕ್ಕೆ ಅಪ್ಪಣೆ ಇದೆ, ಧೂಳು ಇದ್ದರೆ ಚಕ್ರ ಹಾರುತ್ತದೆ, ಹಾಗಾಗಿ ಯಾರೂ ಏನೂ ಅನ್ನುವ ಹಾಗಿಲ್ಲ, ಮೂರನೆಯ ಸಲ ಒರೆಸುವಾಗ ಯಜಮಾನ ಗಂಟಲು ಕೆರೆದ. ರಬ್ಬರು ಕೂಡ ಹೀಗೇ ಕಾಗದದ ಮೇಲೆ ಓಡಾಡುತ್ತಿತ್ತು, ಹೋಗುತ್ತ ಬರುತ್ತ, ಶಾಲೆಯಲ್ಲಿ, ಆ ಕೊನೆಯ ಪರೀಕ್ಷೆಯಲ್ಲಿ, ಮೊದಲ ಪ್ರಶ್ನೆಗೆ ಉತ್ತರ ಬರುತ್ತಿತ್ತು, ಬರೆದ, ಅಕ್ಷರ ಸರಿ ಬಿದ್ದಿಲ್ಲ ಅನ್ನಿಸಿ ಅಳಿಸಿದ, ಬರೆದ, ಅಳಿಸಿದ, ಕಾಗದ ನೂಲು ನೂಲಾಗಿ ಎದ್ದು ತೂತಾಗಿ ಕೆಳಗಿನ ಮೇಜು ಕಾಣಿಸಿತು, ಗಂಟೆ ಹೊಡೆಯಿತು. ಮೇಷ್ಟ್ರು ಆ ಹಾಳೆಯನ್ನು ಬೆಳಕಿಗೆ ಹಿಡಿದು ತೂತಿನಿಂದ ಇಡೀ ತರಗತಿಯನ್ನು ಇಣುಕಿ ನೋಡಿದರು, ಕೂ ಎಂದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾರನೇ ದಿನದಿಂದ ಅವನು ಹೋಗಲಿಲ್ಲ. ಓದು ತಲೆಗೆ ಹತ್ತಲಿಲ್ಲ ಅಂತ ಬಿಟ್ಟ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು, ಹತ್ತಿತ್ತು, ಹತ್ತಿದ್ದು ಇಳಿಯಲಿಲ್ಲ, ಅಷ್ಟೇ. ಯಾವಾಗ ಶುರುವಾಯ್ತು ಎಂದು ಡಾಕ್ಟರಮ್ಮ ಕೇಳಿದಾಗ ಅವನು ಅದನ್ನು ಹೇಳಿದ. ಅದಕ್ಕೂ ಮೊದಲು? ಗೊತ್ತಿಲ್ಲ. ಏನಾದ್ರೂ ಘಟನೆ? ಇಲ್ಲ. ಇರಲೇಬೇಕು ಎಂದು ಅವನೇ ಹುಡುಕಿದ, ಯಾರಾದರೂ ಹೊಡೆದಿರಬೇಕು, ಯಾರಾದರೂ ಸತ್ತದ್ದನ್ನು ನೋಡಿರಬೇಕು, ಏನೂ ಇಲ್ಲ, ಒಂದು ಕಾರಣ ಇದ್ದಿದ್ದರೆ ಅದರ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಕೆಲವರಿಗೆ ಹೀಗೇ ಬಂದುಬಿಡುತ್ತೆ, ಸಕ್ಕರೆ ಖಾಯಿಲೆ ಬಂದ ಹಾಗೆ ಎಂದರು ಅವರು. ಸಕ್ಕರೆ ಖಾಯಿಲೆಯವನನ್ನು ನೋಡಿ ಯಾರಾದರೂ ಕೈಚೀಲ ಅಡ್ಡ ಹಿಡಿದು ನಗುತ್ತಾರಾ.

ಏನು ನಿದ್ದೆ ಬಂತಾ ಎಂದ ಯಜಮಾನ. ಇಲ್ಲ ಸಾರ್. ಪಟ್ಟಿ ಇಟ್ಟ, ಅಳೆದ, ಕಟರನ್ನು ಸೀಮೆಎಣ್ಣೆಗೆ ಅದ್ದಿದ. ಹೊರಗೆ ಬಿಸಿಲು ವಾಲಿದೆ, ಶಾಲೆ ಬಿಡುವ ಹೊತ್ತು, ಅಕ್ಕ ಈಗ ರಸ್ತೆಯ ಮೇಲಿದ್ದಾಳೆ. ಅಕ್ಕ ಶಾಲೆಯ ವ್ಯಾನು ಓಡಿಸುತ್ತಾಳೆ, ಸೀಟಿಗೆ ದಿಂಬು ಹಾಕಿಕೊಂಡು, ಇಲ್ಲದಿದ್ದರೆ ಸ್ಟೇರಿಂಗಿನ ಮೇಲಿಂದ ರಸ್ತೆ ಕಾಣುವುದಿಲ್ಲ, ಅಷ್ಟು ಗಿಡ್ಡ, ಅಷ್ಟೇ ಗಂಟಲು, ಅಡ್ಡ ಬಂದ ಲಾರಿಯವನಿಗೆ ಅವಳು ಬೈದರೆ ಹಿಂದೆ ಕೂತ ಮಕ್ಕಳೆಲ್ಲ ಒಟ್ಟಿಗೆ ಬೈಯುತ್ತವಂತೆ. ಅಮ್ಮ ಹೋದ ಮೇಲೆ ಅವಳೇ ಅಮ್ಮ. ಬಾಡಿಗೆದಾರನಿಗೆ ಅದು ಚೆನ್ನಾಗಿ ಗೊತ್ತು, ಅವನು ಬೇರೆ ಯಾರ ಹೆಸರನ್ನೂ ಎತ್ತುವುದಿಲ್ಲ. ಇನ್ನೊಂದು ಸಲ ನಲ್ಲಿ ತಿರುಗಿಸು, ಇಲ್ಲದಿದ್ದರೆ ಅಕ್ಕನ ವ್ಯಾನು. ಇನ್ನೊಂದು ಸಲ ಚಿಲಕ, ಇಲ್ಲದಿದ್ದರೆ ಆ ತಿರುವಿನಲ್ಲಿ ಅಕ್ಕ. ಇನ್ನೊಂದು ಗೆರೆ, ಇಲ್ಲದಿದ್ದರೆ — ಅವನಿಗೆ ಇದರಲ್ಲಿ ಒಂದು ಕಾಳಿನಷ್ಟೂ ನಂಬಿಕೆಯಿಲ್ಲ, ನಲ್ಲಿಗೂ ವ್ಯಾನಿಗೂ ಏನು ಸಂಬಂಧ, ಅವನೇನು ದಡ್ಡನೇ, ಗಾಜಿನ ಗೆರೆಯಿಂದ ಯಾರ ಬ್ರೇಕೂ ಫೇಲಾಗುವುದಿಲ್ಲ, ಇದನ್ನು ಅವನು ಡಾಕ್ಟರಮ್ಮನಿಗಿಂತ ಚೆನ್ನಾಗಿ ವಾದಿಸಬಲ್ಲ. ಆದರೂ ಹೆದರಿಕೆ ಬರುತ್ತದೆ. ನಂಬದೆ ಹೆದರುವುದು ಹೇಗೆ ಸಾಧ್ಯ? ಸಾಧ್ಯ. ಬಾ, ನನ್ನೊಳಗೆ ಬಂದು ನೋಡು. ನಂಬಿದವನಾದರೂ ಪುಣ್ಯವಂತ, ಅವನಿಗೆ ಒಂದೇ ಕಷ್ಟ, ಇವನಿಗೆ ಹೆದರಿಕೆಯೂ ಉಂಟು, ಹೆದರಿದ್ದಕ್ಕೆ ನಾಚಿಕೆಯೂ ಉಂಟು.

ಅಕ್ಕನಿಗೆ ಹೇಳಿಬಿಟ್ಟಿದ್ದ. ಹೇಳಿ, ಅವಳು ಅಳುತ್ತಾಳೆ ಎಂದುಕೊಂಡು ನೆಲ ನೋಡಿದ್ದ. ಅವಳು, ಹಂಗಾದ್ರೆ ದಿನಾ ನನ್ನನ್ನ ನೀನೇ ಉಳಿಸ್ತಿದೀಯ, ನಾನೆಲ್ಲೋ ನನ್ನ ಡ್ರೈವಿಂಗು ಅಂದ್ಕೊಂಡಿದ್ದೆ ಎಂದಳು. ಆಮೇಲೆ ಅದೇ ಅವರ ಮನೆಯ ಮಾತಾಯಿತು, ಸಂಜೆ ಬಾಗಿಲಲ್ಲೇ ಕೇಳುತ್ತಾಳೆ, ಏನೋ, ಇವತ್ತು ನಾನೆಷ್ಟು ಸಲ ಸತ್ತೆ? ಲೆಕ್ಕ ಇಡ್ಲಿಲ್ಲ ಅಕ್ಕ. ಇಡಬೇಡ ಬಿಡು, ಸತ್ತವಳು ಬಂದು ಅಡುಗೆ ಮಾಡ್ತಿದೀನಿ, ಆರೋಕ್ಕೆ ಮುಂಚೆ ಉಣ್ಣು. ಅವಳೇ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದದ್ದು. ಅವರು ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಒಂದು ಏಣಿ ಹೇಳಿಕೊಟ್ಟರು, ಕೆಳಗಿನ ಮೆಟ್ಟಿಲು ಎಂದರೆ ಚಪ್ಪಲಿಯನ್ನು ಸೊಟ್ಟಗೆ ಬಿಟ್ಟು ಊಟಕ್ಕೆ ಕೂರುವುದು, ಸರಿಮಾಡಬೇಕು ಅನ್ಸುತ್ತೆ, ಮಾಡಬೇಡಿ, ಹೆದರಿಕೆ ಏರುತ್ತೆ, ಏರಲಿ, ಜಗಳ ಆಡಬೇಡಿ, ಓಡಿ ಹೋಗಬೇಡಿ, ಅಕ್ಕನಿಗೆ ಫೋನ್ ಮಾಡಿ ಇದೀಯಾ ಅಂತ ಕೇಳಬೇಡಿ, ಅದು ತಾನಾಗೇ ಇಳಿಯೋವರೆಗೂ ಕೂತಿರಿ. ಏಣಿಯ ಕೊನೆಗೆ ಗಾಜು. ಗಾಜಿನ ಗೆರೆಗೆ ಇನ್ನೂ ತುಂಬ ದಿನ ಇದೆ, ಅವಸರ ಬೇಡ ಎಂದಿದ್ದರು. ಅವನು ಇನ್ನೂ ಚಪ್ಪಲಿಯಲ್ಲಿದ್ದಾನೆ. ನಿನ್ನೆ ಚಪ್ಪಲಿ ಸೊಟ್ಟಗಿತ್ತು, ಎರಡು ತುತ್ತಿಗೇ ಎದ್ದು ಹೋಗಿ ಸರಿಮಾಡಿ ಬಂದ, ಅಕ್ಕ ನೋಡಿಯೂ ನೋಡದವಳ ಹಾಗೆ ನೀರು ಕುಡಿದಳು. ಈಗ ಈ ಮನುಷ್ಯ ಬೆರಳು ತೋರಿಸಿ ಒಂದೇ ನೆಗೆತಕ್ಕೆ ಏಣಿಯ ತುದಿಗೆ ಹತ್ತು ಅನ್ನುತ್ತಿದ್ದಾನೆ, ಸಲೂನಿನ ಗೋಡೆಗೆ, ಯಾರೋ ಹುಬ್ಬು ತೀಡಿಸಿಕೊಂಡು ನೋಡಿಕೊಳ್ಳುವುದಕ್ಕೆ.

ಕಂಬ, ಕೈಗವಸು ಮೊದಲೇ ಹಾಕ್ಕೋ ಎಂದ ಅವನು. ಅಷ್ಟಾದರೂ ಆಗಲಿ ಎಂದು. ಹಾಕ್ಕೊಂಡೇ ಇದೀನಲ್ಲ ಎಂದು ಕಂಬ ಎರಡೂ ಕೈ ಎತ್ತಿ ತೋರಿಸಿದ. ಸರಿ. ಉಸಿರು ಎಳೆದುಕೊಂಡ. ದೂರದ ಅಂಚಿಗೆ ಬಾಗಿ ಚಕ್ರವನ್ನು ಗಾಜಿಗೆ ತಾಗಿಸಿದ, ಕೆಳಗೆ ಕನ್ನಡಿಯಲ್ಲಿ ಇನ್ನೊಂದು ಕೈ ಇನ್ನೊಂದು ಕಟರ್ ಹಿಡಿದು ಅವನ ಕೈಗೆ ತಾಗಿತು, ಎಳೆದ, ಸರ್ರ್ — ಇಲ್ಲಿ ಯಾರೂ ಇಲ್ಲ, ಯಜಮಾನ ಇಲ್ಲ, ನಗು ಇಲ್ಲ, ರೇಷ್ಮೆ ಹರಿದ ಹಾಗೆ ಒಂದು ಸದ್ದು ತನ್ನ ಕಡೆಗೆ ತಾನೇ ಬರುತ್ತಿದೆ, ಪಟ್ಟಿಯ ಪಕ್ಕ ಕೂದಲೆಳೆಯಂಥ ಬಿಳಿ ಹುಟ್ಟುತ್ತ ಹುಟ್ಟುತ್ತ, ಇದು ಮುಗಿಯದೇ ಇದ್ದರೆ, ಗಾಜು ಮೇಜನ್ನು ದಾಟಿ ಬಾಗಿಲನ್ನು ದಾಟಿ ಹಾಗೇ ಹಾಸಿಕೊಂಡು ಹೋದರೆ — ಅಂಚು ಬಂತು. ಚಕ್ರ ಟಿಕ್ ಎಂದು ಗಾಜಿನಿಂದ ಇಳಿಯಿತು. ಮ್‌ ಎಂದರು ಮೇಸ್ತ್ರಿ. ಕಂಬ, ಬಾ, ಹಿಡಿ. ಬಂದೆ ತಡಿ, ಈ ಬೆರಳಿನ ಹತ್ರ ತೂತಾಗಿದೆ ಮಾರಾಯ, ಹೋದ ಸಲ ಇಲ್ಲೇ ಕೊಯ್ದದ್ದು, ಬೇರೆ ಜೊತೆ ತರ್ತೀನಿ. ಕಂಬ ಬೆನ್ನು ತಿರುಗಿಸಿ ಹೋದ. ಹೋಗಿಯೇಬಿಟ್ಟ. ಗೆರೆ ತಣ್ಣಗಾಗುವ ಮೊದಲು ಮುರಿಯಬೇಕು ಎಂದರು ಮೇಸ್ತ್ರಿ ಗಾಳಿಗೆ, ಒಂದು ಹೆಜ್ಜೆ ಮುಂದೆ ಬಂದರು, ಜೋಲಿಯ ಕೈ ಏಳಲಿಲ್ಲ, ಹಿಂದೆ ಸರಿದರು.

ಇನ್ನೊಂದು ಸಲ. ಬಂತು. ಮೆಲ್ಲಗೆ, ಪ್ರೀತಿಯಿಂದ ಬಂತು, ಅದು ಎಂದೂ ಗದರುವುದಿಲ್ಲ, ಅಕ್ಕನ ಮೇಲೆ ಇವನಿಗಿಂತ ತನಗೇ ಹೆಚ್ಚು ಕಾಳಜಿ ಎಂಬ ಹಾಗೆ ಬರುತ್ತದೆ. ನಡುವೆ ಒಂದು ಕಡೆ ಗೆರೆ ತೆಳುವಾಗಿದೆ ನೋಡು. ಇಲ್ಲ, ಆಗಿಲ್ಲ. ಸುಮ್ಮನೆ ಒಂದು ಸಲ ತಾಗಿಸು, ಒತ್ತಬೇಡ. ವ್ಯಾನು ಈಗ ಇಳಿಜಾರಿಗೆ ಬಂದಿರುತ್ತದೆ. ಸುಮ್ಮನಿರು. ಮುಂದಿನ ಸೀಟಿನ ಮಗು ಅಕ್ಕನ ಕೈ ಎಳೆಯುತ್ತಿದೆ, ಅವಳು ಅತ್ತ ತಿರುಗಿದಳು, ಈ ಕಡೆಯಿಂದ ಲಾರಿ, ನಿನ್ನ ಕೈಯಲ್ಲಿದೆ, ಒಂದೇ ಒಂದು ಗೆರೆ, ಅವಳು ನಿನಗೆ ಏನೆಲ್ಲ ಮಾಡಿದಳು, ನೀನು ಒಂದು ಕನ್ನಡಿಗೋಸ್ಕರ ಅವಳನ್ನು. ಕೈ ಗಾಜಿನ ಮೇಲೆ ಬಂದು ನಿಂತಿದೆ. ಯಾವಾಗ ಬಂತು? ಗೆರೆಯಿಂದ ಒಂದು ಗೇಣು ಮೇಲೆ, ಕಟರ್ ಹಿಡಿದುಕೊಂಡೇ. ಹೆದರಿಕೆ ಏರಲಿ ಎಂದಿದ್ದರಲ್ಲ ಡಾಕ್ಟರಮ್ಮ, ಏರುತ್ತಿದೆ ಮೇಡಂ, ಇಳಿಯುತ್ತೆ ಅಂದಿರಲ್ಲ, ಎಲ್ಲಿ. ಏ ಕಂಬ, ಗೋಡೌನಲ್ಲೇ ಸಂಸಾರ ಹೂಡಿದ್ಯೇನೋ ಎಂದು ಯಜಮಾನ ಕೂಗುತ್ತಿದ್ದಾನೆ, ಇವನ ಕೈ ನೋಡ್ರೀ ಮೇಡಂ, ನೋಡಿ, ಈಗ ಇಳಿಯುತ್ತೆ ನೋಡಿ, ಏ ಡಬಲ್ಲು, ಹುಷಾರು. ಇಳಿಸಿದರೆ ಕಸುಬು ಹೋಯಿತು, ಆ ಒಂದು ಉಸಿರಿನ ನೆಮ್ಮದಿ ಜೀವಮಾನಕ್ಕೆ ಹೋಯಿತು. ಇಳಿಸದಿದ್ದರೆ ಅಕ್ಕ. ಯಾರೂ ಇದನ್ನು ತಕ್ಕಡಿಯಲ್ಲಿಟ್ಟು ತೂಗು ಎಂದು ಹೇಳಿರಲಿಲ್ಲ, ಇಟ್ಟಾಗಿದೆ, ಒಂದು ಕಡೆ ಸಲೂನಿನ ಕನ್ನಡಿ, ಇನ್ನೊಂದು ಕಡೆ ದಿಂಬಿನ ಮೇಲೆ ಕೂತ ಅಕ್ಕ. ಅವನು ಅಕ್ಕನನ್ನು ಬಿಟ್ಟ. ನಂಬುವುದಿಲ್ಲ ಎಂಬುದು ಆಗ ಯಾವ ಕೆಲಸಕ್ಕೂ ಬರಲಿಲ್ಲ, ಬೇಕೆಂತಲೇ, ಕಣ್ಣು ಬಿಟ್ಟುಕೊಂಡೇ, ಅವಳನ್ನು ಆ ಇಳಿಜಾರಿನಲ್ಲಿ ಬಿಟ್ಟ, ಸಾಯೋದಾದ್ರೆ ಸಾಯಿ ಅಕ್ಕ ಎಂದ ಒಳಗೇ, ಹಲ್ಲು ಕಚ್ಚಿಕೊಂಡು, ಕೈ ಗಾಜಿನ ಮೇಲೆಯೇ ಇತ್ತು, ಇಳಿಯಲಿಲ್ಲ.

ಕಂಬ ಬಂದ. ಜಾರಿಸಿದರು, ಹಿಡಿದರು, ಒತ್ತಿದರು. ಟಕ್. ಅಂಚು ನೀರಿನ ಮಟ್ಟದ ಹಾಗೆ ನೇರವಾಗಿ ಬಿಟ್ಟುಕೊಂಡಿತು. ಅಬ್ಬ ಎಂದಳು ಮೇಡಂ. ಡಬಲ್ಲು ಸಿಂಗಲ್ ಆದ ಕಣ್ರೋ ಎಂದ ಕಂಬ. ಮೇಸ್ತ್ರಿ ಕಣ್ಣು ಒರೆಸಿಕೊಂಡರೋ, ಧೂಳೋ. ನಾನೇನು ಹೇಳ್ದೆ, ನಾನೇನು ಹೇಳ್ದೆ ಎಂದ ಯಜಮಾನ, ಅಂಚಿನ ಮೇಲೆ ಬೆರಳು ಓಡಿಸುತ್ತ, ತಾನೇ ಕೊಯ್ದ ಹಾಗೆ — ಖಾಯಿಲೇನೂ ಇಲ್ಲ ಮಣ್ಣೂ ಇಲ್ಲ ಮೇಡಂ, ಎಲ್ಲ ಸೋಗು, ಬಿಸಿ ಮುಟ್ಟಿಸಿದ್ರೆ ಹೆಂಗೆ ನೆಟ್ಟಗಾಯ್ತು ನೋಡಿ, ಇಷ್ಟು ದಿನ ಡಾಕ್ಟ್ರು, ಮಾತ್ರೆ, ಅರ್ಧ ದಿನ ರಜಾ ಅಂತ ನನ್ನ ಕಿವಿಗೆ ಹೂ ಇಡ್ತಿದ್ದ, ಆ ಡಾಕ್ಟ್ರಿಗೆ ಹೋಗಿ ಹೇಳು, ನಮ್ಮ ಯಜಮಾನ್ರು ಒಂದೇ ಮಾತಲ್ಲಿ ವಾಸಿ ಮಾಡಿದ್ರು ಅಂತ. ಎಲ್ಲರೂ ನಗುತ್ತಿದ್ದಾರೆ, ಈ ಸಲ ಒಳ್ಳೆಯ ನಗು, ಮೇಡಂ ಕೈಚೀಲವನ್ನು ಕೆಳಗಿಳಿಸಿ ನಗುತ್ತಿದ್ದಾಳೆ, ಅವನ ಬೆನ್ನಿನ ಮೇಲೆ ಯಾರದೋ ಕೈ ಬಿತ್ತು, ಶಾಭಾಷ್ ಎಂಬ ಹಾಗೆ. ಒಡೆದಾಗ ಹುಚ್ಚ, ಕೊಯ್ದಾಗ ಕಳ್ಳ. ಏನೋ, ಈಗ ಹೆಂಗೆ ಬಂತು ಎಂದ ಯಜಮಾನ. ಮೊದಲೇ ಯಾಕೆ ಬರಲಿಲ್ಲ? ಹೇಳೋ, ಎಲ್ಲರ ಮುಂದೆ ಹೇಳು, ಹೆಂಗೆ ಬಂತು? ಏನು ಹೇಳುವುದು, ನಮ್ಮಕ್ಕನ್ನ ಕೊಟ್ಟೆ ಸಾರ್ ಎನ್ನುವುದೇ, ನಗ್ತಾ ಇದೀರಲ್ಲ, ನಿಮ್ಮ ಕನ್ನಡಿಗೆ ನಾನು ಏನು ಕೊಟ್ಟೆ ಗೊತ್ತಾ ಎನ್ನುವುದೇ. ಅವನು ಕಟರನ್ನು ಮೇಜಿನ ಮೇಲಿಟ್ಟು ನಡೆದ. ಏ, ಎಲ್ಲಿಗೋ, ನಿಂಗೇ ಕೇಳ್ತಿರೋದು, ಕೊಬ್ಬು ನೋಡಿ ಮೇಡಂ, ಇದಕ್ಕೇ ಹೇಳೋದು. ನಿಂತ ಗಾಜುಗಳ ಸಾಲಿನ ನಡುವೆ ನಡೆದ, ಬಾಗಿಲು ದಾಟಿದ, ಬಿಸಿಲು ಮುಖಕ್ಕೆ ಹೊಡೆಯಿತು, ಫೋನು ಜೇಬಿನಲ್ಲಿದೆ, ತೆಗೆಯಬಾರದು, ಇದೀಯಾ ಅಂತ ಕೇಳಬಾರದು, ಇಳಿಯೋವರೆಗೂ ಕೂತಿರಬೇಕು, ಕೂರುವುದಕ್ಕೆ ಜಾಗವಿಲ್ಲ, ನಡೆ, ರಸ್ತೆಯಲ್ಲಿ ವ್ಯಾನುಗಳು ಹೋಗುತ್ತಿವೆ, ನೋಡಬೇಡ, ನಡೆ, ಎರಡು ಕೈಯೂ ಪಕ್ಕದಲ್ಲಿ ಬೀಸುತ್ತಿವೆ, ಬೇಕಾದರೆ ಯಾರಾದರೂ ನೋಡಿಕೊಳ್ಳಲಿ, ಖಾಲಿ ಕೈ, ಆದರೆ ಒಂದು ಕೈ ಅಲ್ಲೇ ಇದೆ, ಗಾಜಿನ ಮೇಲೆ, ಗೆರೆಯಿಂದ ಒಂದು ಗೇಣು ಮೇಲೆ, ಕಟರ್ ಹಿಡಿದುಕೊಂಡು, ಗಾಜನ್ನು ಮುರಿದಾಯಿತು, ಗೆರೆಯೇ ಇಲ್ಲ, ಆದರೂ ಅಲ್ಲೇ ಇದೆ, ಕೆಳಗೆ ಕನ್ನಡಿಯಲ್ಲಿ ಇನ್ನೊಂದು ಕೈ ಅದನ್ನು ಕಾಯುತ್ತಿದೆ, ಇದು ಇಳಿಯುತ್ತಿಲ್ಲ, ಅದು ಹೋಗುತ್ತಿಲ್ಲ, ಒಂದು ಗೇಣು ಮೇಲೆ, ಕೈ —